ಮಳೆಗಾಲದ ಮುಂಜಾನೆ ಕಾರು ಸ್ಟಾರ್ಟ್ ಮಾಡುವ ಕ್ರಮ: ಮಲೆನಾಡಿನ ಚಾಲಕರಿಗೊಂದು ಸಮಗ್ರ ಮಾರ್ಗದರ್ಶಿ

ಮಳೆಗಾಲ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಓದುಗರಿಂದ ಬರುವ ದೂರುಗಳು ಹೆಚ್ಚುಕಡಿಮೆ ಮೂರೇ ಬಗೆಯವು. ನಾಲ್ಕಾರು ದಿನ ಶೆಡ್ಡಿನಲ್ಲಿ ನಿಂತ ಕಾರು ಸೆಲ್ಫ್ ತೆಗೆದುಕೊಳ್ಳುವುದಿಲ್ಲ ಎನ್ನುವುದು ಒಂದು. ಸ್ಟಾರ್ಟ್ ಆದ ಸ್ವಲ್ಪ ಹೊತ್ತಿಗೇ ಮುಂದಿನ ಗಾಜು ಮಬ್ಬಾಗಿ ರಸ್ತೆಯೇ ಕಾಣುವುದಿಲ್ಲ ಎನ್ನುವುದು ಇನ್ನೊಂದು. ಕೀ ತಿರುಗಿಸಿದ್ದೇ ತಡ ಕಾರು ಮುಂದಕ್ಕೆ ನೆಗೆದು ಗೋಡೆಗೆ ತಾಗಿತು ಎನ್ನುವುದು ಮೂರನೆಯದು. ಇವುಗಳಿಗೆ ಮೆಕ್ಯಾನಿಕ್ ಬೇಕಾಗುವುದು ಅಪರೂಪ. ಮಾಡಬೇಕಾದ ಕೆಲಸಗಳೆಲ್ಲ ಚಾಲಕರಿಗೆ ಗೊತ್ತಿರುತ್ತವೆ, ಆದರೆ ಅವು ಹಿಂದುಮುಂದಾಗುತ್ತವೆ. ಹೀಗಾಗಿ ಈ ಬರಹದಲ್ಲಿ ಯಾವುದರ ನಂತರ ಯಾವುದು, ಏಕೆ ಎಂಬುದಕ್ಕೇ ಹೆಚ್ಚು ಜಾಗ ಕೊಡಲಾಗಿದೆ.

ಕೈಯಿಂದ ಗೇರು ಹಾಕುವ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಬರೆದಿದೆ. ಆಟೋಮ್ಯಾಟಿಕ್ ಕಾರಿಗೆ ಕ್ರಮ ಬೇರೆಯಾಗುವಲ್ಲಿ ಹೇಳಿದೆ. ಕಾರಿನ ಜೊತೆ ಬಂದ ಕೈಪಿಡಿ ಬೇರೆ ರೀತಿ ಹೇಳಿದ್ದರೆ ಕೈಪಿಡಿಯ ಮಾತೇ ಅಂತಿಮ.

ಬೇಕಾಗುವ ಸಾಮಾನು

ಒಂದು ಒಳ್ಳೆಯ ಟಾರ್ಚ್, ಚಕ್ರಕ್ಕೆ ಕೊಡಲು ಎರಡು ಕಲ್ಲು ಅಥವಾ ಮರದ ತುಂಡು, ಒಣಗಿದ ಹತ್ತಿ ಬಟ್ಟೆ, ದಪ್ಪ ತಂತಿಯ ಜಂಪರ್ ಕೇಬಲ್, ರಿಮೋಟ್ ಕೀಗೆ ಹೊಂದುವ ಇನ್ನೊಂದು ಸಣ್ಣ ಸೆಲ್. ಸಾಧ್ಯವಿದ್ದರೆ ವೋಲ್ಟೇಜ್ ನೋಡುವ ಮಲ್ಟಿಮೀಟರ್ ಸಹ ಇರಲಿ. ಹತ್ತಿ ಬಟ್ಟೆ ಹಳೆಯ ಪಂಚೆಯ ತುಂಡಾದರೆ ಅತ್ಯುತ್ತಮ. ಹೊಸ ಟವೆಲ್ ಗಾಜಿನ ಮೇಲೆ ನೂಲೆಳೆ ಬಿಡುತ್ತದೆ. ಅಗ್ಗದ ತೆಳು ಜಂಪರ್ ಕೇಬಲ್ ಕೊಳ್ಳುವುದಕ್ಕಿಂತ ಕೊಳ್ಳದಿರುವುದೇ ಮೇಲು, ಏಕೆಂದರೆ ಅದು ಬಿಸಿಯಾಗುತ್ತದೆಯೇ ಹೊರತು ಸೆಲ್ಫ್ ಮೋಟಾರಿಗೆ ಬೇಕಾದಷ್ಟು ಕರೆಂಟ್ ಸಾಗಿಸುವುದಿಲ್ಲ.

ಹಂತ 1: ಬಾಗಿಲು ತೆರೆಯುವ ಮೊದಲು ಕಾರಿನ ಸುತ್ತ

ಶೆಡ್ಡಿನ ಬಾಗಿಲನ್ನು ಪೂರ್ತಿ ತೆರೆದ ಮೇಲೆಯೇ ಮುಂದಿನ ಕೆಲಸ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಳೆ ಎರಚಲು ಬಡಿಯುತ್ತದೆಂದು ಬಾಗಿಲು ಮುಚ್ಚಿಕೊಂಡು ಇಂಜಿನ್ ಓಡಿಸುವುದು ಜೀವಕ್ಕೇ ಅಪಾಯ.

ನಂತರ ಟಾರ್ಚ್ ಹಿಡಿದು ಕಾರಿನ ಅಡಿ ನೋಡಿ. ಬೆಕ್ಕು, ನಾಯಿಮರಿ ಮಲಗಿರಬಹುದು. ನೆಲದ ಮೇಲೆ ಕಪ್ಪು ಎಣ್ಣೆಯ ಕಲೆ ಅಥವಾ ಕೂಲಂಟ್‌ನ ಹಸಿರು, ಕೆಂಪು ನೀರು ಕಂಡರೆ ಅದು ಎಚ್ಚರಿಕೆಯ ಗುರುತು. ಬರೀ ತಿಳಿ ನೀರಾದರೆ ಮಳೆಯದ್ದೋ ಏಸಿಯದ್ದೋ ಇರುತ್ತದೆ, ಚಿಂತೆ ಬೇಡ.

ಮುಂದಿನ ಕೆಲಸವನ್ನು ಬಯಲುಸೀಮೆಯವರು ಬಿಟ್ಟರೂ ನಡೆದೀತು, ಮಲೆನಾಡಿನವರು ಬಿಡಬಾರದು. ಬಾನೆಟ್ಟನ್ನು ಅಂಗೈಯಿಂದ ಎರಡು ಸಲ ಬಡಿದು, ಕ್ಷಣಕಾಲ ನಿಂತು, ಆಮೇಲೆ ಎತ್ತಿ ನೋಡಿ. ಹಿಂದಿನ ಸಂಜೆ ಓಡಿದ ಇಂಜಿನ್ನಿನ ಬಿಸುಪಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವೂ ಬರಬಹುದು. ಸಣ್ಣ ಕಪ್ಪು ಹಿಕ್ಕೆ, ಹರಿದ ಸ್ಪಂಜು, ಒಣಹುಲ್ಲು, ತುದಿಯಲ್ಲಿ ತಾಮ್ರ ಮಿನುಗುವ ತಂತಿ ಇವುಗಳಲ್ಲಿ ಯಾವುದು ಕಂಡರೂ ಕೀ ಹಾಕಬೇಡಿ, ಏಕೆಂದರೆ ಕಡಿದ ತಂತಿಗಳು ಒಂದಕ್ಕೊಂದು ತಾಗಿದರೆ ಫ್ಯೂಸ್ ಹೋಗುವುದರಿಂದ ಹಿಡಿದು ಬೆಂಕಿಯವರೆಗೆ ಏನೂ ಆಗಬಹುದು. ಹಾವು ಕಂಡರೆ ಕೋಲು ತರುವ ಅಗತ್ಯವಿಲ್ಲ. ಬಾನೆಟ್ ತೆರೆದಿಟ್ಟು ದೂರ ಸರಿದು ಅರಣ್ಯ ಇಲಾಖೆಗೋ ಊರಿನ ಹಾವು ಹಿಡಿಯುವವರಿಗೋ ಹೇಳಿಕಳುಹಿಸಿ.

ಬಾನೆಟ್ ತೆರೆದಿರುವಾಗಲೇ ಮುಂದಿನ ಗಾಜಿನ ಬುಡದಲ್ಲಿರುವ ಜಾಲರಿಯನ್ನು ನೋಡಬೇಕು. ಮರದಡಿ ನಿಲ್ಲಿಸಿದ ಕಾರಿನಲ್ಲಿ ಅಲ್ಲಿ ಹಲಸಿನೆಲೆ, ಹೂವು, ಕಡ್ಡಿಗಳೆಲ್ಲ ಸೇರಿ ನೆನೆದು ಕರಿಯ ಗೊಬ್ಬರದಂತಾಗಿರುತ್ತವೆ. ಅದರ ಕೆಳಗೆ ನೀರು ಹರಿದುಹೋಗುವ ಕಿಂಡಿಗಳಿವೆ. ಅವು ಕಟ್ಟಿಕೊಂಡರೆ ನೀರು ಕಾರಿನೊಳಗೆ, ಸಾಮಾನ್ಯವಾಗಿ ಮುಂದಿನ ಸೀಟಿನ ಕಾಲಬುಡದ ಕಾರ್ಪೆಟ್ಟಿಗೆ ಇಳಿಯುತ್ತದೆ. ಒಳಗಿನ ಗಾಳಿಗೂ ದಾರಿ ಅದೇ ಜಾಲರಿ. ಗಾಜು ಮಬ್ಬಾಗುತ್ತದೆ, ಕಾರು ಮುಗ್ಗುಲು ವಾಸನೆ ಹೊಡೆಯುತ್ತದೆ ಎಂದು ಸುಗಂಧದ ಡಬ್ಬಿ ಕೊಳ್ಳುವವರು ಮೊದಲು ಇಲ್ಲಿ ಕೈಹಾಕಿ ಒಂದು ಹಿಡಿ ಎಲೆ ತೆಗೆಯಲಿ.

ಹಂತ 2: ಕುಳಿತುಕೊಳ್ಳುವುದು

ಮಳೆಯ ಕೋಟು ಬಿಚ್ಚಿ ಹಿಂದೆ ಇಟ್ಟ ಮೇಲೆ ಕುಳಿತುಕೊಳ್ಳಿ. ದಪ್ಪ ಕೋಟಿನ ಮೇಲೆ ಹಾಕಿದ ಸೀಟ್ ಬೆಲ್ಟ್ ಮೈಗೆ ಹತ್ತಿ ಕೂರುವುದಿಲ್ಲ, ಜೊತೆಗೆ ಒದ್ದೆ ಕೋಟು ಗಾಜು ಮಬ್ಬಾಗಲು ಬೇಕಾದ ತೇವವನ್ನೆಲ್ಲ ಒಳಗೇ ಬಿಡುತ್ತದೆ. ಛತ್ರಿ, ನೀರಿನ ಬಾಟಲಿಗಳನ್ನು ಚಾಲಕನ ಕಾಲಬುಡದಲ್ಲಿ ಇಡಲೇಬಾರದು. ಇಳಿಜಾರಿನಲ್ಲಿ ಉರುಳಿ ಬ್ರೇಕ್ ಪೆಡಲಿನ ಅಡಿಗೆ ಸೇರಿದ ಬಾಟಲಿ ಬ್ರೇಕನ್ನೇ ಒತ್ತಗೊಡುವುದಿಲ್ಲ. ಕೆಸರಿಗೆಂದು ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟ್ ಹಾಸುವ ಅಭ್ಯಾಸವೂ ಇಷ್ಟೇ ಕೆಟ್ಟದ್ದು, ಮೇಲಿನದು ಜಾರಿ ಎಕ್ಸಲರೇಟರ್ ಪೆಡಲಿಗೆ ಸಿಕ್ಕಿಕೊಳ್ಳುತ್ತದೆ. ಚಪ್ಪಲಿಯ ಅಡಿಯ ಕೆಸರನ್ನು ಬಾಗಿಲಲ್ಲೇ ಒರೆಸಿಕೊಳ್ಳಿ. ಕಾಲಿಗೆ ಉಂಬಳ (ಜಿಗಣೆ) ಹತ್ತಿದೆಯೇ ಎಂದು ನೋಡಿಕೊಳ್ಳಲೂ ಇದೇ ಸಮಯ; ಘಾಟಿಯ ತಿರುವಿನಲ್ಲಿ ಅದು ನೆನಪಾಗುವುದು ಬೇಡ.

ಇನ್ನು ಸೀಟು. ಮೊದಲು ಸೀಟು, ಆಮೇಲೆ ಸ್ಟೇರಿಂಗ್, ಕೊನೆಗೆ ಕನ್ನಡಿ. ಕನ್ನಡಿ ಸರಿಮಾಡಿಕೊಂಡ ಮೇಲೆ ಸೀಟು ಜರುಗಿಸಿದರೆ ಕನ್ನಡಿಯ ಕೆಲಸ ಮತ್ತೆ ಮೊದಲಿನಿಂದ. ಕ್ಲಚ್ಚನ್ನು ತಳದವರೆಗೆ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರುವಷ್ಟು ಸೀಟನ್ನು ಮುಂದಕ್ಕೆ ತನ್ನಿ. ಬೆನ್ನು ಸೀಟಿಗೆ ಒರಗಿರುವಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲ್ತುದಿಯಲ್ಲಿ ಕೂರಬೇಕು. ಏರ್‌ಬ್ಯಾಗ್ ಉಬ್ಬಲು ಜಾಗ ಬೇಕಾದ್ದರಿಂದ ಎದೆಗೂ ಸ್ಟೇರಿಂಗಿಗೂ ನಡುವೆ ಸುಮಾರು 25 ಸೆಂಟಿಮೀಟರ್ ಅಂತರವಿರಲಿ. ಎತ್ತರ ಹೊಂದಿಸುವ ಸೌಲಭ್ಯವಿದ್ದರೆ ಸೀಟನ್ನು ಸ್ವಲ್ಪ ಎತ್ತರಿಸಿ, ಏಕೆಂದರೆ ನಮ್ಮ ರಸ್ತೆಗಳ ಏರು ಮುಗಿಯುವಲ್ಲಿ ಬಾನೆಟ್ಟಿನಾಚೆ ಏನಿದೆ ಎಂಬುದು ತಗ್ಗಿ ಕುಳಿತವರಿಗೆ ಕಾಣುವುದಿಲ್ಲ. ತಲೆಯ ಹಿಂದಿನ ದಿಂಬು ತಲೆಯ ಮೇಲ್ಭಾಗದ ಮಟ್ಟಕ್ಕಿರಬೇಕು. ಕುತ್ತಿಗೆಗೆ ಆನಿಸಿಕೊಳ್ಳಲು ಇರುವುದಲ್ಲ ಅದು.

ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಹಿಂದೆ ಕೂತವರೂ ಹಾಕಿಕೊಳ್ಳಲಿ. ಮಕ್ಕಳಿದ್ದರೆ ಹಿಂದಿನ ಬಾಗಿಲಿನ ಚೈಲ್ಡ್ ಲಾಕ್ ಹಾಕಿ, ಚಾಲಕನ ಬಾಗಿಲಲ್ಲಿರುವ ಗುಂಡಿಯಿಂದ ಹಿಂದಿನ ಕಿಟಕಿಗಳನ್ನೂ ಲಾಕ್ ಮಾಡಿ.

ಹಂತ 3: ಹ್ಯಾಂಡ್‌ಬ್ರೇಕ್, ಗೇರು, ಚಕ್ರದ ಕಲ್ಲು

ಕಾರು ಗೋಡೆಗೆ ನೆಗೆಯುವುದು ಈ ಹಂತವನ್ನು ಹಾರಿಸಿದಾಗ. ಇಳಿಜಾರಿನ ಅಂಗಳದಲ್ಲಿ ಗೇರಿನಲ್ಲೇ ಕಾರು ನಿಲ್ಲಿಸುವುದು ಸರಿಯಾದ ಪದ್ಧತಿ: ಮೂತಿ ಏರಿನ ಕಡೆಗಿದ್ದರೆ ಮೊದಲನೇ ಗೇರು, ಇಳಿಜಾರಿನ ಕಡೆಗಿದ್ದರೆ ರಿವರ್ಸ್. ಆದರೆ ಬೆಳಿಗ್ಗೆ ಅದನ್ನು ಮರೆತು, ಕ್ಲಚ್ ಒತ್ತದೆ ಕೀ ತಿರುಗಿಸಿದರೆ ಸೆಲ್ಫ್ ಮೋಟಾರೇ ಕಾರನ್ನು ತಳ್ಳಿಬಿಡುತ್ತದೆ. ಕ್ಲಚ್ ಒತ್ತದಿದ್ದರೆ ಸೆಲ್ಫನ್ನೇ ತಡೆಯುವ ವ್ಯವಸ್ಥೆ ಹಲವು ಹೊಸ ಕಾರುಗಳಲ್ಲಿದೆ, ಹಳೆಯವುಗಳಲ್ಲಿ ಸಾಮಾನ್ಯವಾಗಿ ಇಲ್ಲ.

ಕ್ರಮ ಹೀಗೆ: ಬಲಗಾಲು ಬ್ರೇಕಿನ ಮೇಲೆ, ಹ್ಯಾಂಡ್‌ಬ್ರೇಕ್ ಪೂರ್ತಿ ಮೇಲೆ, ಎಡಗಾಲಿನಿಂದ ಕ್ಲಚ್ ತಳದವರೆಗೆ, ನಂತರ ಗೇರನ್ನು ನ್ಯೂಟ್ರಲ್‌ಗೆ ತಂದು ಎಡಬಲಕ್ಕೆ ಅಲುಗಿಸಿ ಖಚಿತ ಮಾಡಿಕೊಳ್ಳುವುದು. ನ್ಯೂಟ್ರಲ್ ಆದರೂ ಸ್ಟಾರ್ಟ್ ಆಗುವವರೆಗೆ ಕ್ಲಚ್ ಬಿಡಬೇಡಿ. ಗೇರ್‌ಬಾಕ್ಸಿನ ಹೊರೆ ತಪ್ಪಿದರೆ ಸೆಲ್ಫಿಗೂ ಕೆಲಸ ಹಗುರ. ಆಟೋಮ್ಯಾಟಿಕ್ ಕಾರಿನಲ್ಲಿ ಗೇರು 'ಪಿ'ಯಲ್ಲಿರಲಿ, ಕಾಲು ಬ್ರೇಕಿನ ಮೇಲಿರಲಿ.

ಕಲ್ಲು ತೆಗೆಯುವ ವಿಷಯದಲ್ಲಿ ಆತುರ ಬೇಡ. ಜೊತೆಗೆ ಇನ್ನೊಬ್ಬರಿದ್ದರೆ ಇಂಜಿನ್ ಸ್ಟಾರ್ಟ್ ಆಗಿ, ನೀವು ಬ್ರೇಕ್ ಒತ್ತಿ ಹಿಡಿದ ಮೇಲೆ ಅವರು ಪಕ್ಕದಿಂದ ಕಲ್ಲು ಎಳೆಯಲಿ. ಒಬ್ಬರೇ ಇದ್ದರೆ ಇಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲಿ ಬಿಟ್ಟು, ಇಳಿದು, ಚಕ್ರದ ಎದುರಲ್ಲ, ಪಕ್ಕದಲ್ಲಿ ನಿಂತು ತೆಗೆಯಿರಿ. ಆಗ ಕಾರು ಬೆರಳಷ್ಟು ಜರುಗಿದರೂ ಕಲ್ಲನ್ನು ವಾಪಸು ಕೊಡಿ. ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲಾಗಿದೆ ಎಂದು ತಿಳಿಯಬೇಕು.

ಹಂತ 4: ಕರೆಂಟ್ ಎಳೆಯುವುದನ್ನೆಲ್ಲ ಆರಿಸುವುದು

ಹೆಡ್‌ಲೈಟ್, ಏಸಿ, ಬ್ಲೋವರ್, ಹಾಡು, ಹಿಂದಿನ ಗಾಜಿನ ಹೀಟರ್, ಫೋನ್ ಚಾರ್ಜರ್ ಎಲ್ಲವೂ ಆಫ್ ಆಗಿರಲಿ. ವೈಪರ್ ಸ್ವಿಚ್ಚನ್ನು ವಿಶೇಷವಾಗಿ ನೋಡಿ. ನಿನ್ನೆ ಮಳೆಯಲ್ಲೇ ಕೀ ತೆಗೆದಿದ್ದರೆ ಅದು ಆನ್ ಆಗಿಯೇ ಉಳಿದಿರುತ್ತದೆ, ಮತ್ತು ಇವತ್ತು ಕೀ ಹಾಕಿದ ಕೂಡಲೇ ಒಣಗಾಜಿನ ಮೇಲೆ ಕಡ್ಡಿ, ಮರಳುಗಳನ್ನು ಎಳೆದು ಅಳಿಸಲಾಗದ ಗೀರು ಹಾಕುತ್ತದೆ.

ಹಂತ 5: ಕೀ ಆನ್ ಮಾಡಿ ದೀಪಗಳನ್ನು ಓದುವುದು

ಕೀ ತಿರುಗುವ ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ಸ್ಥಾನಗಳಿವೆ: ಲಾಕ್, ಎಸಿಸಿ (ಹಾಡು, ಚಾರ್ಜರ್‌ನಂಥವಕ್ಕೆ ಮಾತ್ರ ಕರೆಂಟ್), ಆನ್, ಸ್ಟಾರ್ಟ್. ಕೀ ತಿರುಗದೆ ಗಟ್ಟಿಯಾಗಿದ್ದರೆ ಬಲ ಹಾಕಬೇಡಿ, ಸ್ಟೇರಿಂಗ್ ಲಾಕ್ ಆಗಿರುತ್ತದೆ. ಎಡಗೈಯಿಂದ ಸ್ಟೇರಿಂಗನ್ನು ಮೆಲ್ಲಗೆ ಅತ್ತಿತ್ತ ಅಲುಗಿಸುತ್ತ ಕೀ ತಿರುಗಿಸಿದರೆ ಬಿಡುತ್ತದೆ.

ಲಾಕ್‌ನಿಂದ ಸ್ಟಾರ್ಟ್‌ಗೆ ಒಂದೇ ಏಟಿಗೆ ಹೋಗುವುದು ತೀರಾ ಸಾಮಾನ್ಯವಾದ ತಪ್ಪು. ಆನ್‌ನಲ್ಲಿ ಎರಡು ಮೂರು ಸೆಕೆಂಡ್ ನಿಲ್ಲಬೇಕು. ಪೆಟ್ರೋಲ್ ಕಾರಿನಲ್ಲಿ ಹಿಂದಿನಿಂದ ಸಣ್ಣ 'ಗುಂಯ್' ಸದ್ದು ಕೇಳಿ ನಿಲ್ಲುತ್ತದೆ; ಅದು ಪಂಪು ಇಂಧನವನ್ನು ಒತ್ತಡಕ್ಕೆ ತರುವ ಸದ್ದು. ಡೀಸೆಲ್ ಕಾರಿನಲ್ಲಿ ಸುರುಳಿಯಾಕಾರದ ಹಳದಿ ದೀಪ ಹೊತ್ತುತ್ತದೆ, ಅಂದರೆ ಸಿಲಿಂಡರನ್ನು ಬೆಚ್ಚಗಾಗಿಸುವ ಗ್ಲೋ ಪ್ಲಗ್ ಬಿಸಿಯಾಗುತ್ತಿದೆ. ಅದು ಆರಿದ ಮೇಲೆಯೇ ಸೆಲ್ಫ್. ಚಳಿಯ ಬೆಳಗ್ಗೆ ಡೀಸೆಲ್ ಗಾಡಿ ಬಿಳಿ ಹೊಗೆ ಉಗುಳಿ ನಿಂತುಹೋಗುತ್ತದೆ ಎನ್ನುವವರಲ್ಲಿ ಹೆಚ್ಚಿನವರು ಈ ದೀಪಕ್ಕೆ ಕಾಯದವರು.

ಇದೇ ಹೊತ್ತಿನಲ್ಲಿ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳು ಒಮ್ಮೆ ಹೊತ್ತಿಕೊಳ್ಳುತ್ತವೆ. ಆಗ ಹೊತ್ತದ ದೀಪವೂ ಎಚ್ಚರಿಕೆಯೇ, ಏಕೆಂದರೆ ಆಯಿಲ್ ದೀಪ ಕೆಟ್ಟಿದ್ದರೆ ಆಯಿಲ್ ಒತ್ತಡ ಇಳಿದಾಗಲೂ ಅದು ನಿಮಗೆ ಹೇಳುವುದಿಲ್ಲ. ಕೀಯ ಚಿತ್ರದ ದೀಪ ಮಿಣುಕುತ್ತಲೇ ಇದ್ದರೆ ಕಾರು ಕೀಯನ್ನು ಗುರುತಿಸಿಲ್ಲ. ಇನ್ನೊಂದು ಕೀ ಹಾಕಿ ನೋಡಿ. ಡೀಸೆಲ್ ಕಾರಿನಲ್ಲಿ ಇಂಧನದಲ್ಲಿ ನೀರಿದೆ ಎಂದು ತೋರಿಸುವ ಹಳದಿ ದೀಪವೊಂದಿದೆ. ಟ್ರ್ಯಾಕ್ಟರಿಗೆಂದು ಕ್ಯಾನಿನಲ್ಲಿ ತಂದಿಟ್ಟ ಡೀಸೆಲ್ಲನ್ನು ಮಳೆಗಾಲದಲ್ಲಿ ಕಾರಿಗೂ ಸುರಿಯುವ ಮನೆಗಳಲ್ಲಿ ಇದು ಹೊತ್ತುವುದು ಅಪರೂಪವೇನಲ್ಲ. ಸ್ಟಾರ್ಟ್ ಆದ ಮೇಲೂ ಅದು ಆರದಿದ್ದರೆ ಹೊರಡದೆ ಫಿಲ್ಟರಿನ ನೀರು ತೆಗೆಸಿ. ನೀಲಿ ಥರ್ಮಾಮೀಟರ್ ಮಾತ್ರ ದೋಷದ ಗುರುತಲ್ಲ. ಇಂಜಿನ್ ಇನ್ನೂ ತಣ್ಣಗಿದೆ ಎಂದಷ್ಟೇ ಅದರ ಅರ್ಥ.

ಹಂತ 6: ಸೆಲ್ಫ್ ಹೊಡೆಯುವುದು

ಎಕ್ಸಲರೇಟರ್ ಮುಟ್ಟದೆ ಕೀಯನ್ನು ಸ್ಟಾರ್ಟ್‌ಗೆ ತಿರುಗಿಸಿ, ಇಂಜಿನ್ ಹಿಡಿದ ಕ್ಷಣ ಬಿಡಿ. ಕಾಲು ಒತ್ತಿ ಒತ್ತಿ ಸ್ಟಾರ್ಟ್ ಮಾಡುವುದು ಕಾರ್ಬ್ಯುರೇಟರ್ ಕಾಲದ ರೂಢಿ. ಈಗಿನ ಕಾರುಗಳಲ್ಲಿ ಎಷ್ಟು ಇಂಧನ ಬೇಕೆಂದು ಕಂಪ್ಯೂಟರ್ ನಿರ್ಧರಿಸುತ್ತದೆ. ಒಂದು ಪ್ರಯತ್ನ ಐದು ಸೆಕೆಂಡ್ ಮೀರಬಾರದು, ಎರಡು ಪ್ರಯತ್ನಗಳ ನಡುವೆ ಕನಿಷ್ಠ ಅರ್ಧ ನಿಮಿಷ ಬಿಡುವಿರಬೇಕು. ಬಿಡದೆ ಸೆಲ್ಫ್ ಹೊಡೆದರೆ ಬ್ಯಾಟರಿ ಬರಿದಾಗುವುದಲ್ಲದೆ ಮೋಟಾರೂ ಸುಟ್ಟುಹೋಗಬಹುದು.

ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಿನಲ್ಲಿ ಕ್ಲಚ್ ಅಥವಾ ಬ್ರೇಕ್ ಒತ್ತದೆ ಗುಂಡಿ ಒತ್ತಿದರೆ ಎಸಿಸಿ, ಆನ್ ಮಾತ್ರ ಬರುತ್ತವೆ. ಕೀಯ ಸೆಲ್ ಮುಗಿದು 'ಕೀ ಇಲ್ಲ' ಎಂಬ ಸೂಚನೆ ಬಂದರೆ, ಹಲವು ಕಾರುಗಳಲ್ಲಿ ಕೀಯನ್ನೇ ಗುಂಡಿಗೆ ತಾಗಿಸಿ ಒತ್ತಿದರೆ ಸ್ಟಾರ್ಟ್ ಆಗುತ್ತದೆ.

ಹಂತ 7: ಸ್ಟಾರ್ಟ್ ಆಗದಿದ್ದರೆ

ಮೊದಲು ಸದ್ದು ಕೇಳಿ. ಟಕಟಕಟಕ ಎಂದು ಬೇಗಬೇಗನೆ ಬಡಿದು ದೀಪಗಳು ಮಂಕಾದರೆ ಬ್ಯಾಟರಿ ಇಳಿದಿದೆ. ಒಂದೇ ಒಂದು 'ಟಕ್' ಎಂದು ಸುಮ್ಮನಾಗಿ, ದೀಪಗಳು ಚೆನ್ನಾಗಿಯೇ ಉರಿಯುತ್ತಿದ್ದರೆ ಬ್ಯಾಟರಿಯ ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದೆಯೇ, ಕ್ಲಾಂಪು ಸಡಿಲಾಗಿದೆಯೇ ನೋಡಿ. ಅದು ಸರಿಯಿದ್ದರೆ ಸೆಲ್ಫ್ ಮೋಟಾರಿನ ದೋಷ. ಇಂಜಿನ್ ಚೆನ್ನಾಗಿ ಸುತ್ತಿದರೂ ಹಿಡಿಯದಿದ್ದರೆ ತೊಂದರೆ ಇಂಧನದಲ್ಲೋ, ಕೀಯನ್ನು ಗುರುತಿಸುವ ಇಮೊಬಿಲೈಸರ್‌ನಲ್ಲೋ, ಇಲಿ ಕಡಿದ ತಂತಿಯಲ್ಲೋ ಇದೆ. ಇಲ್ಲಿ ಎಷ್ಟು ಸೆಲ್ಫ್ ಹೊಡೆದರೂ ಪ್ರಯೋಜನವಿಲ್ಲ. ಮಲ್ಟಿಮೀಟರ್ ಇದ್ದವರಿಗೆ ಲೆಕ್ಕ ಸುಲಭ: ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಾದರೆ ಜಂಪ್, ಅಂದರೆ ಇನ್ನೊಂದು ಕಾರಿನ ಬ್ಯಾಟರಿಯ ನೆರವು ಬೇಕು.

ಜಂಪ್ ಕೊಡುವಾಗ ಎರಡೂ ಕಾರು ಒಂದಕ್ಕೊಂದು ತಾಗದಂತೆ, ಇಂಜಿನ್ ನಿಲ್ಲಿಸಿ, ಈ ಕ್ರಮದಲ್ಲಿ ಕ್ಲಿಪ್ ಹಾಕಿ. ಕೆಂಪು ಕೇಬಲ್ಲಿನ ಒಂದು ತುದಿ ಇಳಿದ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ಲಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯದನ್ನು ನಿಂತ ಕಾರಿನ ಬ್ಯಾಟರಿಗಲ್ಲ, ಬ್ಯಾಟರಿಯಿಂದ ದೂರದಲ್ಲಿ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತಿರಬಹುದು, ಕೊನೆಯ ಕ್ಲಿಪ್ಪಿನ ಕಿಡಿ ಅದರ ಹತ್ತಿರ ಹಾರಬಾರದು. ಒಳ್ಳೆಯ ಕಾರನ್ನು ಕೆಲವು ನಿಮಿಷ ಓಡಿಸಿ, ನಂತರ ಇನ್ನೊಂದಕ್ಕೆ ಸೆಲ್ಫ್ ಕೊಡಿ. ಬಿಚ್ಚುವುದು ಹಾಕಿದ್ದರ ತಿರುಗುಮುರುಗು.

ನಮ್ಮ ಕಡೆ ಇಳಿಜಾರು ಹೇರಳವಾಗಿರುವುದರಿಂದ ಕಾರನ್ನು ಉರುಳಿಸಿಯೇ ಸ್ಟಾರ್ಟ್ ಮಾಡುವ ಚಾಳಿ ಬಹಳ ಜನರಿಗಿದೆ. ಇಂಜಿನ್ ಓಡದಿದ್ದಾಗ ಒಂದೆರಡು ಸಲ ಒತ್ತುವಷ್ಟರಲ್ಲಿ ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರ್ ಬರಿದಾಗಿ ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟೇರಿಂಗ್ ಭಾರವಾಗುತ್ತದೆ, ಕೀ ಲಾಕ್‌ನಲ್ಲಿದ್ದರೆ ಸ್ಟೇರಿಂಗ್ ತಿರುಗುವುದೇ ಇಲ್ಲ. ತಳ್ಳಿ ಸ್ಟಾರ್ಟ್ ಮಾಡಲೇಬೇಕಾದರೆ ಸಮತಟ್ಟಾದ ಜಾಗದಲ್ಲಿ, ಕೀ ಆನ್ ಇಟ್ಟು, ಎರಡನೇ ಗೇರಿನಲ್ಲಿ ಕ್ಲಚ್ ಒತ್ತಿಕೊಂಡು, ವೇಗ ಬಂದ ಮೇಲೆ ಕ್ಲಚ್ ಬಿಡಬೇಕು. ಆಟೋಮ್ಯಾಟಿಕ್ ಕಾರಿಗೆ ಇದು ಆಗದು. ತೋಟದ ದಾರಿಯ ಇಳಿಜಾರಿನಲ್ಲಿ ಹಳ್ಳದ ಕಡೆಗೆ ಮೂತಿ ಮಾಡಿ ಉರುಳಿಸುವುದನ್ನಂತೂ ಯಾರು ಎಷ್ಟು ಅನುಭವಸ್ಥರಾದರೂ ಮಾಡಬಾರದು.

ರಾತ್ರಿ ಹೊಳೆ ಉಕ್ಕಿ ಕಾರಿನ ಅರ್ಧ ಚಕ್ರದ ಮೇಲೆ ನೀರು ನಿಂತಿತ್ತೆಂದರೆ ಕೀಯನ್ನು ಆನ್ ಸಹ ಮಾಡಬೇಡಿ. ನೀರು ಸಿಲಿಂಡರಿಗೆ ಹೋಗಿದ್ದರೆ ಅದು ಗಾಳಿಯಂತೆ ಒತ್ತಿಕೊಳ್ಳುವುದಿಲ್ಲವಾದ್ದರಿಂದ ಒಂದೇ ಸೆಲ್ಫಿಗೆ ಕನೆಕ್ಟಿಂಗ್ ರಾಡ್ ಬಾಗಬಹುದು. ಹೀಗಾದ ಇಂಜಿನ್ ನಷ್ಟವನ್ನು ಸಾಮಾನ್ಯ ವಿಮೆ ಬಹುತೇಕ ಭರಿಸುವುದಿಲ್ಲ, ಅದಕ್ಕೆ ಇಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಬೇಕು. ಬ್ಯಾಟರಿಯ ಮೈನಸ್ ಬಿಚ್ಚಿಸಿ ಟೋ ಮಾಡಿಸಿಕೊಂಡು ಹೋಗುವುದೊಂದೇ ದಾರಿ.

ಹಂತ 8: ಸ್ಟಾರ್ಟ್ ಆದ ಮೊದಲ ನಿಮಿಷ

ಕೆಂಪು ಆಯಿಲ್ ಕ್ಯಾನ್ ದೀಪ ಮೂರು ನಾಲ್ಕು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಯೋಚಿಸುತ್ತ ಕೂರದೆ ಇಂಜಿನ್ ನಿಲ್ಲಿಸಿ. ಬ್ಯಾಟರಿ ದೀಪ ಆರದಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ, ಘಾಟಿ ಇಳಿಯಲು ಹೊರಡಬೇಡಿ. ಇಂಜಿನ್ ದೀಪ ಮಿಣುಕುತ್ತ ಕಾರು ಗಡಗಡ ನಡುಗಿದರೆ ಪೆಟ್ರೋಲ್ ಕಾರಿನ ಕಾಯಿಲ್ ಅಥವಾ ಪ್ಲಗ್ಗಿಗೆ ತೇವ ಹಿಡಿದಿರಬಹುದು, ಹಾಗೆಯೇ ಓಡಿಸಿದರೆ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ದುಬಾರಿ ಕನ್ವರ್ಟರ್ ಹಾಳಾಗುತ್ತದೆ. ತಣ್ಣಗಿನ ಇಂಜಿನ್ನನ್ನು ರೇಸ್ ಮಾಡುವುದು ಬೇಡ. ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು ಕಾರನ್ನು ಬಯಲಿಗೆ ತಂದು, ಮೊದಲ ಕೆಲವು ಕಿಲೋಮೀಟರ್ ಹದವಾಗಿ ಓಡಿಸಿದರೆ ಸಾಕು.

ಹಂತ 9: ಗಾಜು ತಿಳಿಯಾಗಿಸುವುದು

ಮಬ್ಬು ಒಳಗಿನದೋ ಹೊರಗಿನದೋ ಎಂಬುದನ್ನು ಮೊದಲು ಬೆರಳಿನಿಂದ ಗೀರಿ ನೋಡಿ. ಒಳಗಿನದಾದರೆ ಉಸಿರು, ಒದ್ದೆ ಬಟ್ಟೆ, ಒದ್ದೆ ಕಾರ್ಪೆಟ್‌ಗಳ ತೇವ ತಣ್ಣಗಿನ ಗಾಜಿಗೆ ಹತ್ತಿದೆ. ಗಾಳಿಯ ದಿಕ್ಕನ್ನು ಮುಂದಿನ ಗಾಜಿನ ಚಿತ್ರಕ್ಕೆ ತಿರುಗಿಸಿ, ಏಸಿ ಆನ್ ಮಾಡಿ, ಉಷ್ಣತೆಯನ್ನು ಬಿಸಿಯ ಕಡೆಗೆ ಇಟ್ಟು, ಬ್ಲೋವರ್ ಜೋರು ಮಾಡಿ. ಚಳಿಯಲ್ಲಿ ಏಸಿ ಏಕೆಂದು ಕೇಳುವವರಿದ್ದಾರೆ: ಏಸಿಯ ತಣ್ಣನೆಯ ಕಾಯಿಲಿಗೆ ಗಾಳಿಯ ತೇವ ನೀರಾಗಿ ಇಳಿದುಹೋಗುತ್ತದೆ, ಆ ಒಣಗಾಳಿಯನ್ನು ಹೀಟರ್ ಬಿಸಿ ಮಾಡುತ್ತದೆ, ಹಾಗಾಗಿ ಎರಡೂ ಒಟ್ಟಿಗೆ ಬೇಕು. ಮಳೆ ಒಳಗೆ ಬರುತ್ತದೆಂದು ಹೆದರಿ ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತುವುದು ಎಲ್ಲರೂ ಮಾಡುವ ತಪ್ಪು. ಹೊರಗಿನ ಗಾಳಿ ಬರುವಂತೆಯೇ ಇರಲಿ. ಅಂಗೈಯಿಂದ ಒರೆಸಿದರೆ ಕೈಯ ಜಿಡ್ಡು ಗಾಜಿಗಂಟಿ ಎದುರಿನ ಲೈಟು ಹರಡಿ ಕಾಣುತ್ತದೆ, ಪಂಚೆಯ ತುಂಡು ಇರುವುದು ಇದಕ್ಕಾಗಿಯೇ.

ವೈಪರ್ ಬೀಸಿದೊಡನೆ ತಿಳಿಯಾಗಿ ಮತ್ತೆ ಮಬ್ಬಾದರೆ ಅದು ಹೊರಗಿನದು. ಆಗುಂಬೆಯ ಕೆಳಗೆ ಸೋಮೇಶ್ವರದ ಕಡೆ ಸೆಕೆಯ ಗಾಳಿಗೆ ಇಳಿದಾಗ, ಏಸಿಯಿಂದ ತಣ್ಣಗಾದ ಗಾಜಿಗೆ ಹೀಗಾಗುತ್ತದೆ. ಆಗ ಮೇಲಿನ ಉಪಾಯ ತೊಂದರೆಯನ್ನು ಹೆಚ್ಚಿಸಬಹುದು. ತಂಪು ಕಡಿಮೆ ಮಾಡಿ, ಗಾಳಿಯನ್ನು ಗಾಜಿನಿಂದ ಕಾಲಿನ ಕಡೆಗೆ ತಿರುಗಿಸಿ, ವೈಪರ್ ಹಾಕಿ. ಹಿಂದಿನ ಗಾಜಿನ ಹೀಟರ್ ಬಹಳ ಕರೆಂಟ್ ತಿನ್ನುವುದರಿಂದ ತಿಳಿಯಾದ ಮೇಲೆ ಆರಿಸಿ.

ಹಂತ 10: ಹೊರಡುವುದು

ಮಂಜಿದ್ದರೆ ಹೆಡ್‌ಲೈಟನ್ನು ಲೋ ಬೀಮ್‌ನಲ್ಲೇ ಇಡಿ, ಹೈ ಬೀಮ್ ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ತಿರುಗುತ್ತದೆ. ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತ ಓಡಿಸಬೇಡಿ. ಆಗುಂಬೆ ಘಾಟಿಯ 14 ಕಡಿದಾದ ತಿರುವುಗಳಲ್ಲಿ ನೀವು ಎತ್ತ ಹೊರಳುತ್ತೀರಿ ಎಂಬುದು ಹಿಂದಿನವರಿಗೆ ತಿಳಿಯಬೇಕಾದರೆ ಇಂಡಿಕೇಟರ್ ಅದರ ಕೆಲಸಕ್ಕೆ ಮಾತ್ರ ಬಳಕೆಯಾಗಬೇಕು.

ಏರಿನಲ್ಲಿ ಹೊರಡುವಾಗ ಮೊದಲನೇ ಗೇರು ಹಾಕಿ, ಕ್ಲಚ್ಚನ್ನು ಮೂತಿ ಸ್ವಲ್ಪ ಏಳುವವರೆಗೆ ಬಿಟ್ಟು, ಎಕ್ಸಲರೇಟರ್ ಕೊಟ್ಟು ಹ್ಯಾಂಡ್‌ಬ್ರೇಕ್ ಇಳಿಸಿ. ಹಿಂದಕ್ಕೆ ಜಾರದಂತೆ ತಾನೇ ಬ್ರೇಕ್ ಹಿಡಿಯುವ ಹಿಲ್ ಹೋಲ್ಡ್ ಇರುವ ಕಾರು ಹಿಡಿದುಕೊಳ್ಳುವುದು ಸಾಮಾನ್ಯವಾಗಿ ಎರಡು ಸೆಕೆಂಡ್ ಮಾತ್ರ.

ಹ್ಯಾಂಡ್‌ಬ್ರೇಕ್ ಇಳಿಸಿದರೂ ಕಾರು ಕದಲದಿದ್ದರೆ ಹೆಚ್ಚು ರೇಸ್ ಕೊಡಬೇಡಿ. ದಿನಗಟ್ಟಲೆ ತೇವದಲ್ಲಿ ನಿಂತಾಗ ಹಿಂದಿನ ಬ್ರೇಕ್ ಶೂಗಳು ಡ್ರಮ್ಮಿಗೆ ತುಕ್ಕಿನಿಂದ ಅಂಟಿರುತ್ತವೆ. ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಮೆಲ್ಲಗೆ ಎಳೆದರೆ 'ಟಕ್' ಎಂದು ಬಿಡುತ್ತವೆ. ಇನ್ನು ಮುಂದೆ ವಾರಗಟ್ಟಲೆ ನಿಲ್ಲಿಸುವಾಗ ಸಮತಟ್ಟಾದ ಶೆಡ್ಡಿನಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರಿನಲ್ಲಿಟ್ಟು, ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಗೇಟು ದಾಟಿದ ಮೇಲೆ ನಿಧಾನ ವೇಗದಲ್ಲಿ ಎರಡು ಮೂರು ಸಲ ಬ್ರೇಕ್ ಒತ್ತಿ ನೋಡಿ; ಡಿಸ್ಕಿನ ಮೇಲಿನ ತುಕ್ಕು ಕರಕರ ಸದ್ದು ಮಾಡಿ ಹೋಗುತ್ತದೆ. ಸದ್ದು ಹೋಗದಿದ್ದರೆ, ಅಥವಾ ಕಾರು ಒಂದು ಪಕ್ಕಕ್ಕೆ ಎಳೆದರೆ, ಘಾಟಿಯ ಪ್ರಯಾಣ ಕೈಬಿಟ್ಟು ಗ್ಯಾರೇಜಿನ ದಾರಿ ಹಿಡಿಯಿರಿ.

ಜಂಪ್ ಕೊಟ್ಟು ಸ್ಟಾರ್ಟ್ ಮಾಡಿದ ದಿನ ಹಾಲಿನ ಡೇರಿಯವರೆಗೆ ಹೋಗಿ ಕಾರು ಆಫ್ ಮಾಡಿದರೆ ಅಲ್ಲೇ ನಿಲ್ಲಬೇಕಾಗುತ್ತದೆ. ಕನಿಷ್ಠ ಅರ್ಧ ಗಂಟೆ ಬಿಡದೆ ಓಡಿಸಿ, ವಾಪಸು ಬಂದು ಇಂಜಿನ್ ಓಡುತ್ತಿರುವಾಗಲೇ ಮಲ್ಟಿಮೀಟರ್ ಹಿಡಿಯಿರಿ. 13.5ರಿಂದ 14.5 ವೋಲ್ಟ್ ನಡುವೆ ತೋರಿಸಿದರೆ ಚಾರ್ಜಿಂಗ್ ಸರಿಯಿದೆ. ಹಾಗಿದ್ದೂ ಮರುದಿನ ಬೆಳಿಗ್ಗೆ ಮತ್ತೆ ಟಕಟಕ ಸದ್ದೇ ಬಂದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ.